ಏಡಿಯ ಮೊಟ್ಟೆ, ಕ್ಯಾಮೆರಾದ ಕಣ್ಣು

ಕಡಲ ಬಂಡೆಯ ಸಂದಿಯಲ್ಲಿದ್ದ ತಾಯಿ ಏಡಿಯೊಂದು, ನೀರಿಗಿಳಿದು ಬಂದ ಪುಟ್ಟ ಕ್ಯಾಮೆರಾವನ್ನು ತಡೆದು ನಿಲ್ಲಿಸಿತು. “ಹೊಟ್ಟೆಯಡಿ ಮೊಟ್ಟೆ ಅವುಚಿಕೊಂಡಿದ್ದೇನೆ. ನೆರೆಯವರೆಲ್ಲ ಅವು ಸತ್ತಿವೆ, ಕೊಡವಿಬಿಡು ಅನ್ನುತ್ತಾರೆ. ನನಗೆ ಬಗ್ಗಿ ನೋಡಲಾಗದು. ನೀನು ನೋಡಿ ಹೇಳಪ್ಪಾ.”

ಕ್ಯಾಮೆರಾ ಹತ್ತಿರ ಬಂದು ನೋಡಿತು. ಎಲ್ಲ ಮಂಜುಮಂಜು. “ದೂರದ ಬೆಟ್ಟವಾದರೆ ಕಲ್ಲು ಕಲ್ಲೂ ಕಾಣುತ್ತದೆ. ಮೂಗಿನ ಕೆಳಗಿನದು ನನಗಾಗದು,” ಎಂದಿತು.

“ನನ್ನ ಗಂಡನದೂ ಇದೇ ಮಾತು,” ಎಂದು ಏಡಿ ಮೂತಿ ತಿರುವಿತು.

ಆಗ ಕ್ಯಾಮೆರಾದ ಪೆಟ್ಟಿಗೆಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿದ್ದ, ಸಂತೆಯಲ್ಲಿ ಕೊಂಡ ಅಗ್ಗದ ಭೂತಗನ್ನಡಿ ಬಾಯಿಬಿಟ್ಟಿತು. “ಅಣ್ಣಾ, ನಾನು ನಿನ್ನ ಕಣ್ಣಿನ ಮುಂದೆ ಇಳಿಯಲೇ? ಹತ್ತಿರದ್ದೆಲ್ಲ ಕಾಣಿಸುತ್ತದೆ. ಆದರೆ ನಾನಿರುವಷ್ಟು ಹೊತ್ತು ದೂರದ್ದೇನೂ ಕಾಣದು.”

ಅಷ್ಟರಲ್ಲಿ ಆಚೆ ದೊಡ್ಡ ಆಮೆಯೊಂದು ತೇಲಿ ಬಂತು. ಅದರ ಚಿತ್ರ ತೆಗೆಯಲೆಂದೇ ಕ್ಯಾಮೆರಾ ಇಷ್ಟು ಆಳಕ್ಕೆ ಬಂದಿತ್ತು. ಅದು ಆಮೆಯನ್ನೊಮ್ಮೆ ನೋಡಿತು, ಏಡಿಯನ್ನೊಮ್ಮೆ ನೋಡಿತು.

“ಇಳಿ,” ಎಂದಿತು.

ಮಂಜು ಹರಿಯಿತು. ಒಂದೊಂದು ಮೊಟ್ಟೆಯೊಳಗೂ ಎರಡೆರಡು ಕಪ್ಪು ಚುಕ್ಕೆಗಳು ಅಲುಗುತ್ತಿದ್ದವು.

“ಕೊಡವಬೇಡ ತಾಯೀ,” ಎಂದಿತು ಕ್ಯಾಮೆರಾ. “ನಿನ್ನ ಮಕ್ಕಳಿಗೆ ಆಗಲೇ ಕಣ್ಣು ಮೂಡಿದೆ. ಯಾರಿವನು ಎಂದು ನನ್ನನ್ನೇ ನೋಡುತ್ತಿವೆ.”