ಹೊಂಬಾಳ ಫೋಟೋಗೆ ಮನೆ ಅಣಿ ಮಾಡಿದ್ದು

ಹತ್ತಿರ ಬನ್ನಿ, ಕೂತುಕೊಳ್ಳಿ. ಎಲೆ ಅಡಿಕೆ ಹಾಕುವವರು ಈಗಲೇ ಹಾಕಿಕೊಂಡುಬಿಡಿ. ಆಮೇಲೆ ನಗುವಾಗ ಗಂಟಲಿಗೆ ಸಿಕ್ಕಿಕೊಂಡರೆ ನನ್ನನ್ನು ಬೈಯಬೇಡಿ.

ಮಳವಳ್ಳಿ ಪೇಟೆ ಬೀದಿಯಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು ಹೂವಿನಮ್ಮ. ಅವಳಿಗೊಬ್ಬನೇ ಮಗ, ಹೊಂಬಾಳ. ವಯಸ್ಸು ಮೂವತ್ತು. ಆಳು ನೋಡಿದರೆ ಬಾಗಿಲು ತುಂಬ ಇದ್ದಾನೆ. ಬುದ್ಧಿ ನೋಡೋಣ ಅಂದರೆ ಅದನ್ನು ಇನ್ನೂ ಯಾರೂ ನೋಡಿಲ್ಲ. ಸೋಮಾರಿಯಲ್ಲ, ಸುಳ್ಳನಲ್ಲ, ಎದುರಾಡುವವನಲ್ಲ. ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಅದೇ ಅವಳ ಕರ್ಮ!

ಅವಳ ಮನೆ ಇದ್ದದ್ದು ಅಕ್ಕಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಂಗಡಿ ಬೇರೆಯವರದು, ಮಹಡಿ ಇವಳದು. ಹೆಂಚಿನ ಸೂರು, ಎರಡು ಕೋಣೆ. ಮೇಲೆ ಹೋಗೋಕೆ ಹೊರಗೋಡೆಗೆ ಬೋಲ್ಟು ಹಾಕಿ ನಿಲ್ಲಿಸಿದ ಕಬ್ಬಿಣದ ಮೆಟ್ಟಿಲು. ಎಷ್ಟು? ಹದಿನೆಂಟು! ದಿನಾ ಹೂವಿನ ಬುಟ್ಟಿ ಹೊತ್ತು ಇಳಿಯಬೇಕು, ದಿನಾ ಹತ್ತಬೇಕು. ಒಂದೊಂದು ಮೆಟ್ಟಿಲಿಗೂ ಮಂಡಿ ಕಟಕ್ ಅನ್ನುತ್ತಿತ್ತು. ಒಂಬತ್ತನೆಯದರಲ್ಲಿ ಕೂತು, "ಉಸ್ಸಪ್ಪಾ, ನನ್ನ ಜೀವ ಈ ಮೆಟ್ಟಿಲಲ್ಲೇ ಹೋಯ್ತದೆ" ಅನ್ನುತ್ತಿದ್ದಳು.

ಕೋಟೆ ಬೀದಿಯಲ್ಲಿ ಒಂದು ಪುಟ್ಟ ಮನೆ ಮಾರಾಟಕ್ಕಿತ್ತು. ನೆಲದ ಮೇಲಿನ ಮನೆ, ಹೊಸ್ತಿಲು ದಾಟಿದರೆ ಬೀದಿ. ಅದರ ಒಡತಿ ನಿವೃತ್ತ ಟೀಚರಮ್ಮ. "ಹದಿನೈದು ದಿನ ಕಾಯ್ತೀನಿ ತಾಯಮ್ಮ. ಅಷ್ಟರೊಳಗೆ ನಿನ್ನ ಮಹಡಿ ಮಾರಿದ್ಯೋ, ಈ ಮನೆ ನಿಂದು. ಇಲ್ಲಾಂದ್ರೆ ಬೇರೆಯವರು ಕಾಯ್ತಾ ಇದ್ದಾರೆ" ಅಂದಿದ್ದರು. ಚಿಕ್ಕತಾಯಮ್ಮನಿಗೆ ಹಗಲೆಲ್ಲ ಅದೇ ಧ್ಯಾನ. ಮನೆ ಮಾರಬೇಕು, ಮಂಡಿ ಉಳಿಸಿಕೊಳ್ಳಬೇಕು.

ಬ್ರೋಕರ್ ಕರಿಗೌಡರು ಬಂದು ನೋಡಿದರು. "ಈಗಿನ ಕಾಲದಲ್ಲಿ ಮನೆ ನೋಡೋಕೆ ಯಾರು ಬತ್ತಾರೆ ತಾಯವ್ವ? ಮೊದಲು ಮೊಬೈಲಲ್ಲಿ ಫೋಟೋ ನೋಡ್ತಾರೆ. ಫೋಟೋ ಚೆನ್ನಾಗಿದ್ರೆ ಬತ್ತಾರೆ. ನಾಳೆ ನಮ್ಮ ಫೋಟೋ ಅಂಗಡಿ ಶಿವನಂಜನ್ನ ಕ್ಯಾಮೆರಾ ಸಮೇತ ಕಳಿಸ್ತೀನಿ. ಮನೆ ಮಾತ್ರ ಸಾಮಾನಿಲ್ದೆ ಖಾಲಿ ಖಾಲಿಯಾಗಿ ಕಾಣ್ಬೇಕು."

ಮಾರನೆಯ ಬೆಳಗ್ಗೆ ಚಿಕ್ಕತಾಯಮ್ಮ ಹೂವು ಮಾರಲು ಹೊರಡುವಾಗ ಮಗನನ್ನು ಕರೆದಳು.

"ಲೋ ಹೊಂಬಾಳ, ಫೋಟೋದವ್ನು ಬರೋ ಹೊತ್ಗೆ ಈ ಮನೇಲಿ ಏನೂ ಇರಬಾರದು. ಗೊತ್ತಾಯ್ತೇನ್ಲಾ?"

"ಗೊತ್ತಾಯ್ತು ಕಣವ್ವ!"

ಗೊತ್ತಾಗಿದ್ದಿದ್ದರೆ ನಾನು ಈ ಕತೆ ಹೇಳುವ ಹಾಗಿತ್ತೆ?

ಅವಳು ಬಂದು ನೋಡುತ್ತಾಳೆ, ಮಂಚ ಬೀದಿಯಲ್ಲಿ, ಒಲೆ ಬೀದಿಯಲ್ಲಿ, ದೇವರ ಪಟ ಬೀದಿಯಲ್ಲಿ. ಅದೂ ಇರಲಿ ಅನ್ನಿ. ಕಿಟಕಿಯ ಬಾಗಿಲು, ಗೋಡೆಯ ಬಲ್ಬು, ಗೋಡೆಗೆ ಹೊಡೆದ ಮೊಳೆ, ಎಲ್ಲ ಕಿತ್ತು ಬೀದಿಯಲ್ಲಿ! ಮನೆ ಬಾಗಿಲಿಗೆ ಅಡ್ಡ ನಿಂತಿದ್ದಾನೆ ಹೊಂಬಾಳ. ಮೆಟ್ಟಿಲ ಮೇಲೆ ನಿಂತಿದ್ದಾನೆ ಶಿವನಂಜ.

"ನೋಡಿ ತಾಯವ್ವ, ಒಂದು ಗಂಟೆಯಿಂದ ನನ್ನ ಒಳಕ್ಕೇ ಬಿಡ್ತಿಲ್ಲ ಇವ್ನು!"

"ಯಾಕ್ಲಾ ಬಿಡಲಿಲ್ಲ?"

"ಮನೇಲಿ ಏನೂ ಇರಬಾರದು ಅಂದ್ಯಲ್ಲವ್ವ. ಇವ್ರು ಒಳಕ್ಕೆ ಹೋದ್ರೆ ಇವ್ರು ಇರ್ತಾರಲ್ಲ!"

ಶಿವನಂಜ ನಾಳೆ ಬರುತ್ತೇನೆ ಅಂತ ಹೋದ. ಚಿಕ್ಕತಾಯಮ್ಮ ಹಣೆ ಹಣೆ ಚಚ್ಚಿಕೊಂಡಳು.

"ಥೂ ಹಾಳಾದೋನೆ! ಮನೆ ತಾವ ಬಂದವ್ರನ್ನ ಹಂಗೆ ತಡೀತಾರೇನ್ಲಾ? ಒಳಕ್ಕೆ ಕರೀಬೇಕು, ಚಾಪೆ ಹಾಸಬೇಕು, ಬೆಲ್ಲ ನೀರು ಕೊಡಬೇಕು. ಗೊತ್ತಾಯ್ತೇನ್ಲಾ?"

"ಗೊತ್ತಾಯ್ತು ಕಣವ್ವ!"

ಮಾರನೆಯ ದಿನ ಅವಳು ಬುಟ್ಟಿ ಇಳಿಸಿ ಮೆಟ್ಟಿಲು ಹತ್ತುತ್ತಾಳೆ, ಮೇಲಿನಿಂದ ಗಲಗಲ ಗಲಗಲ ಮಾತು! ಒಳಗೆ ನೋಡಿದರೆ ಚಾಪೆಯ ಮೇಲೆ ಸೊಪ್ಪಿನವಳು, ಬಳೆಯವನು, ಕರೆಂಟು ಬಿಲ್ಲು ಕೊಡುವವನು. ಹಳೇ ಕಬ್ಬಿಣಕ್ಕೆ ಈರುಳ್ಳಿ ಕೊಡುವ ಗುಜರಿ ಮರಿಯಪ್ಪ ಗೋಡೆಗೆ ಒರಗಿ ಕೂತಿದ್ದಾನೆ. ಅವನ ಪಕ್ಕದಲ್ಲಿ ಬೀದಿ ನಾಯಿ. ಅದರ ಮುಂದೆಯೂ ಒಂದು ಲೋಟ ಬೆಲ್ಲ ನೀರು!

"ಯಾರ್ಲಾ ಇವ್ರೆಲ್ಲ?"

"ಮನೆ ತಾವ ಬಂದವ್ರು ಕಣವ್ವ. ಹಸು ಕೂಡ ಬಂದಿತ್ತು. ಎಷ್ಟು ಕರೆದ್ರೂ ಮೆಟ್ಟಿಲು ಹತ್ತಲಿಲ್ಲ."

ಶಿವನಂಜ ಕ್ಯಾಮೆರಾ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅವನಿಗೆ ಕಾಲಿಡಲು ಜಾಗವಿರಲಿಲ್ಲ. "ಇದು ಮನೆ ಫೋಟೋ ತಾಯವ್ವ, ಮದುವೆ ಫೋಟೋ ಅಲ್ಲ. ಗೋಡೆಗಳಾದ್ರೂ ಕಾಣ್ಬೇಡವಾ? ಅಂದಂಗೆ ಗೋಡೆ ತುಂಬ ಕಲೆ. ಅದನ್ನ ಸರಿಮಾಡಿಸಿ ಹೇಳಿ, ಬತ್ತೀನಿ" ಅಂದು ಇಳಿದು ಹೋದ.

ಚಿಕ್ಕತಾಯಮ್ಮ ಸುಣ್ಣದ ಬಕೀಟು ತಂದು ಮಗನ ಮುಂದೆ ಕುಕ್ಕಿದಳು.

"ಜನಾನೂ ಬೇಡ, ದನಾನೂ ಬೇಡ! ಕಲೆ ಎಲ್ಲೆಲ್ಲಿ ಕಾಣ್ತದೋ ಅಲ್ಲೆಲ್ಲ ಬೆಳ್ಳಗೆ ಸುಣ್ಣ ಬಳಿ. ಒಂದು ಕಪ್ಪು ಚುಕ್ಕೆ ಉಳಿಯಬಾರದು. ಗೊತ್ತಾಯ್ತೇನ್ಲಾ?"

"ಗೊತ್ತಾಯ್ತು ಕಣವ್ವ!"

ಗೋಡೆಗೆ ಬಳಿದ. ಚೆನ್ನಾಗಿಯೇ ಬಳಿದ! ಆಮೇಲೆ ಸುತ್ತ ಕಣ್ಣು ಹಾಯಿಸಿದ. ಕಿಟಕಿಯಲ್ಲಿ ಚುಕ್ಕೆ ಚುಕ್ಕೆ ಬೆಕ್ಕು ಮಲಗಿತ್ತು, ಅದಕ್ಕೂ ಬಳಿದ. ಅವ್ವನ ಚುಕ್ಕೆ ಸೀರೆ ಒಣಗುತ್ತಿತ್ತು, ಅದಕ್ಕೂ ಬಳಿದ. ಅಷ್ಟರಲ್ಲಿ ಶಿವನಂಜ ಬಂದ. ಪಾಪ, ಅವನ ಕೆನ್ನೆಯ ಮೇಲೆ ಕಡಲೆಕಾಳಿನಷ್ಟು ಮಚ್ಚೆ.

ಚಿಕ್ಕತಾಯಮ್ಮ ಬಂದಾಗ ಅರ್ಧ ಮುಖ ಬೆಳ್ಳಗಾದ ಫೋಟೋದವನು ಮೆಟ್ಟಿಲಿಳಿದು ಓಡುತ್ತಿದ್ದ. ಅವಳು ಒಳಗೆ ಬಂದು ಗೋಡೆ ನೋಡಿದಳು. ತೀರಿಹೋದ ಗಂಡನ ಫೋಟೋ ನೋಡಿದಳು. ಆ ದಪ್ಪ ಕಪ್ಪು ಮೀಸೆಯ ಜಾಗದಲ್ಲಿ ಸುಣ್ಣ! ಬದುಕಿದ್ದಾಗ ಆ ಮನುಷ್ಯ ಒಂದು ದಿನವೂ ಅಷ್ಟು ಬೆಳ್ಳಗೆ ಇರಲಿಲ್ಲ. ಅವಳಿಗೆ ಅಳು ಬಂತು. ಸೆರಗಿನಲ್ಲಿ ಗಾಜು ಒರೆಸಿದಳು, ಮೀಸೆ ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಂತು. ಅದನ್ನು ನೋಡುತ್ತಾ ನಗುವೂ ಬಂತು.

"ನಿಮ್ಮಪ್ಪನ್ನೂ ಬಿಡಲಿಲ್ಲವಲ್ಲೋ! ಇನ್ನು ಮೂರೇ ದಿನ ಕಣ್ಲಾ ಉಳಿದಿರೋದು, ಆ ಕೋಟೆ ಬೀದಿ ಮನೆ ಕೈ ತಪ್ಪೋಯ್ತದೆ. ನನ್ನ ಮಂಡಿ ಮೇಲೆ ಆಣೆ, ಇನ್ಮೇಲೆ ನಿನ್ನ ಬುದ್ಧಿ ಓಡಿಸಬೇಡ. ಫೋಟೋದವ್ನು ಏನು ಕೇಳ್ತಾನೋ ಅದನ್ನ ಕೊಡು, ಅಷ್ಟೇ. ಗೊತ್ತಾಯ್ತೇನ್ಲಾ?"

"ಗೊತ್ತಾಯ್ತು ಕಣವ್ವ!"

ಚಿಕ್ಕತಾಯಮ್ಮ ಶಿವನಂಜನ ಅಂಗಡಿಗೇ ಹೋಗಿ, ಕೈ ಮುಗಿದು, ಒಂದು ಮೊಳ ಮಲ್ಲಿಗೆ ಕೊಟ್ಟು ಕರೆದು ತಂದಳು. ಜೊತೆಗೆ ಕರಿಗೌಡರೂ ಬಂದರು. ಅವರು ಕೆಳಗೇ ನಿಂತು ಗುಟ್ಟಾಗಿ ಹೇಳಿದರು: "ಶಿವನಂಜ, ಮನೆ ಎಲ್ಲ ತೆಗಿ. ಆದ್ರೆ ಈ ಮೆಟ್ಟಿಲು ಮಾತ್ರ ಯಾವ ಫೋಟೋದಲ್ಲೂ ಕಾಣ್ಬಾರದು. ಕಂಡ್ರೆ ಒಬ್ಬನೂ ಈ ಕಡೆ ತಲೆ ಹಾಕಲ್ಲ."

ಶಿವನಂಜ ಒಳಗೆ ಬಂದ. ಮೂರು ಸಲ ಕ್ಯಾಮೆರಾ ಕಣ್ಣಿಗಿಟ್ಟ, ಮೂರು ಸಲ ಇಳಿಸಿದ. "ಛೆ! ಇನ್ನಷ್ಟು ಬೆಳಕು ಬೇಕಿತ್ತು" ಅಂದ.

ಕೇಳಿದ್ದು ಕೊಡಬೇಕಲ್ಲ! ಹೊಂಬಾಳ ಸರಸರ ಸೂರು ಹತ್ತಿದ. ದಡಬಡ ದಡಬಡ ಸದ್ದು. ಚಿಕ್ಕತಾಯಮ್ಮ ಕತ್ತೆತ್ತಿ ನೋಡಿದರೆ ಮೂವತ್ತು ನಲವತ್ತು ಹೆಂಚು ಸರಿದಿವೆ, ಆಕಾಶ ಕಾಣುತ್ತಿದೆ, ಆಕಾಶದ ನಡುವೆ ಮಗನ ಮುಖ ಕಾಣುತ್ತಿದೆ!

"ಸಾಕಾ ಸ್ವಾಮಿ? ಇನ್ನೂ ಬೇಕಾ?"

ಅವಳು ಬೈಯಲು ಬಾಯಿ ತೆರೆದಳು. ಶಿವನಂಜ "ತಡೀರಿ ತಾಯವ್ವ, ತಡೀರಿ!" ಅಂದ. ಬೆಳಕು ಸುರಿದು ಬೆಳ್ಳನೆ ಗೋಡೆ ಥಳಥಳ ಅನ್ನುತ್ತಿತ್ತು. ತಲೆಯ ಮೇಲಿನ ದೂಳು ಕೊಡವಿಕೊಂಡು ಪಟಪಟ ಹತ್ತು ಫೋಟೋ ತೆಗೆದ. ಆ ಫೋಟೋ ನೋಡಿದರೆ ಮಹಡಿ ಮನೆಯೋ ಅರಮನೆಯೋ ಗೊತ್ತಾಗುತ್ತಿರಲಿಲ್ಲ. ಹೊರಗಿನಿಂದ ತೆಗೆದದ್ದರಲ್ಲಿ ಬಾಗಿಲಿದೆ, ಕಿಟಕಿಯಿದೆ, ಮೆಟ್ಟಿಲು ಮಾತ್ರ ಇಲ್ಲ.

ಎರಡೇ ದಿನದಲ್ಲಿ ಫೋಟೋ ಊರೆಲ್ಲ ಸುತ್ತಿತು. ಬಟ್ಟೆ ಅಂಗಡಿಯ ಗಂಡಹೆಂಡತಿ ಒಪ್ಪಿಕೊಂಡರು. ನಾಳೆ ಬೆಳಗ್ಗೆ ಹತ್ತಕ್ಕೆ ಬಂದು ನೋಡಿ, ಫೋಟೋದಲ್ಲಿ ಇದ್ದ ಹಾಗೇ ಇದ್ದರೆ ಅಲ್ಲೇ ಮಾತು ಮುಗಿಸುತ್ತೇವೆ ಅಂದರು. ಅದು ಟೀಚರಮ್ಮ ಕೊಟ್ಟ ಕೊನೆಯ ದಿನ.

ಚಿಕ್ಕತಾಯಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವತ್ತು ಹೂವು ಮಾರಲೂ ಹೋಗಲಿಲ್ಲ. ಮಗನ ಕೈಗೆ ಹತ್ತೂ ಫೋಟೋ ಕೊಟ್ಟಳು.

"ನೋಡ್ಲಾ, ಇದೊಂದು ದಿನ ನನ್ನ ಮಾನ ಉಳಿಸು. ಫೋಟೋದಲ್ಲಿ ಹೆಂಗದೋ ಮನೆ ಹಂಗೇ ಇರಬೇಕು. ಫೋಟೋದಲ್ಲಿ ಇರೋದು ಮನೇಲಿರ್ಬೇಕು, ಫೋಟೋದಲ್ಲಿ ಇಲ್ಲದ್ದು ಮನೇಲೂ ಇರಬಾರದು. ಗೊತ್ತಾಯ್ತೇನ್ಲಾ?"

"ಈ ಸಲ ಚೆನ್ನಾಗಿ ಗೊತ್ತಾಯ್ತು ಕಣವ್ವ!"

ಅವಳು ಒಳಕೋಣೆಗೆ ಹೋಗಿ ತಲೆ ಬಾಚಿಕೊಂಡಳು, ರೇಷ್ಮೆ ಸೀರೆ ಉಟ್ಟಳು, ಗಂಡನ ಫೋಟೋಗೆ ಹೂವು ಮುಡಿಸಿ, "ಇವತ್ತಿಗೆ ಈ ಮೆಟ್ಟಿಲ ಕಾಟ ತೀರ್ತದೆ ಕಣ್ರೀ" ಅಂದಳು. ಸೂರಿನ ಮೇಲೆ ದಡಬಡ ಅಂತು. ಹೆಂಚು ಮತ್ತೆ ಸರಿಸಿದ ಅಂದುಕೊಂಡಳು, ಸರಿಸಲಿ ಬಿಡು, ಫೋಟೋದಲ್ಲಿ ಹಾಗೇ ಇದೆ. ಹೊರಗೆ ಠಣ್ ಠಣ್ ಅಂತು. ಅಂಗಡಿಯವರು ತಕ್ಕಡಿ ರಿಪೇರಿ ಮಾಡುತ್ತಿರಬೇಕು ಅಂದುಕೊಂಡಳು.

ಹತ್ತು ಗಂಟೆ ಆಯಿತು. "ತಾಯವ್ವಾ!" ಅಂತ ಕರಿಗೌಡರ ಕೂಗು ಕೇಳಿತು. ಚಿಕ್ಕತಾಯಮ್ಮ ಅರಿಸಿನ ಕುಂಕುಮದ ತಟ್ಟೆ ಹಿಡಿದು, ನಗುನಗುತ್ತಾ ಬಾಗಿಲು ತೆರೆದು, ಕಾಲು ಮುಂದಿಟ್ಟಳು.

ಕಾಲ ಕೆಳಗೆ ಏನೂ ಇಲ್ಲ!

ತಟ್ಟೆ ಬೀದಿಗೆ ಹೋಯಿತು. ಅವಳು ಬಾಗಿಲ ಚೌಕಟ್ಟು ತಬ್ಬಿಕೊಂಡು ನಿಂತಳು. ಕೆಳಗೆ ಬಟ್ಟೆ ಅಂಗಡಿಯವರು ಮೈತುಂಬ ಕುಂಕುಮ ಹಚ್ಚಿಕೊಂಡು ಮೇಲೆ ನೋಡುತ್ತಿದ್ದಾರೆ. ಕರಿಗೌಡರು ಗೋಡೆಯನ್ನು ಸವರಿ ನೋಡುತ್ತಿದ್ದಾರೆ. ನಡುವೆ ಹೊಂಬಾಳ, ಒಂದು ಕೈಯಲ್ಲಿ ಫೋಟೋ, ಒಂದು ಕೈಯಲ್ಲಿ ಸ್ಪ್ಯಾನರು.

"ಮೆಟ್ಟಿಲು ಎಲ್ಲೋ?!"

"ಫೋಟೋದಲ್ಲಿ ಇಲ್ಲವಲ್ಲವ್ವ! ಹತ್ತೂ ಫೋಟೋ ತಿರುಗಿಸಿ ತಿರುಗಿಸಿ ನೋಡ್ದೆ. ಬಿಚ್ಚಿ ಗುಜರಿ ಮರಿಯಪ್ಪಂಗೆ ಕೊಟ್ಬಿಟ್ಟೆ. ಮೂರು ಮೂಟೆ ಈರುಳ್ಳಿ ಕೊಟ್ಟವ್ನೆ!"

"ಮರಿಯಪ್ಪ ಎಲ್ಲೋ?"

"ಮದ್ದೂರು ದಾಟಿರ್ತಾನೆ ಕಣವ್ವ."

ಬಟ್ಟೆ ಅಂಗಡಿಯಮ್ಮ ಗಂಡನ ಕೈ ಹಿಡಿದು ಎಳೆದುಕೊಂಡು ಹೋದಳು. ಕರಿಗೌಡರು ಈರುಳ್ಳಿ ಮೂಟೆಯ ಮೇಲೆ ಕೂತು ತಲೆಯ ಮೇಲೆ ಕೈ ಇಟ್ಟುಕೊಂಡರು. ಹೆಂಚಿಲ್ಲದ ಸೂರಿನಿಂದ ಬಿಸಿಲು ಬಂದು ಚಿಕ್ಕತಾಯಮ್ಮನ ನೆತ್ತಿ ಸುಡುತ್ತಿತ್ತು. ಕೋಟೆ ಬೀದಿಯ ಮನೆ ಕಣ್ಣ ಮುಂದೆ ಬಂತು, ಹೋಯಿತು.

"ಅಯ್ಯೋ ನನ್ನ ಕರ್ಮವೇ! ಫೋಟೋದಲ್ಲಿ ನಾನೂ ಇಲ್ಲವಲ್ಲೋ, ನನ್ನನ್ನೂ ಕೊಟ್ಬಿಡಬೇಕಾಗಿತ್ತು!"

"ಅದೂ ನೋಡ್ದೆ ಕಣವ್ವ" ಅಂದ ಹೊಂಬಾಳ, ತಲೆ ತಗ್ಗಿಸಿಕೊಂಡು. "ಮನಸ್ಸು ಬರಲಿಲ್ಲ."

ಚಿಕ್ಕತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಳುತ್ತಾ ಕೇಳಿದಳು: "ಈಗ ನಾನೆಂಗ್ಲಾ ಮಗ ಕೆಳಕ್ಕೆ ಇಳೀಲಿ?"

ಹೊಂಬಾಳ ಯೋಚಿಸಿದ. ಹುಟ್ಟಿ ಮೂವತ್ತು ವರ್ಷಕ್ಕೆ ಅವನು ಯಾರೂ ಹೇಳಿಕೊಡದೆ ಯೋಚಿಸಿದ್ದು ಅದೇ ಮೊದಲು. ಅವನ ಮುಖ ಅರಳಿತು.

"ಇಳೀಬೇಡ ಕಣವ್ವ! ಇಳಿದ್ರೆ ತಾನೆ ಹತ್ತಬೇಕು? ನಿನ್ನ ಮಂಡಿ ನೋವು ಇವತ್ತಿಗೆ ವಾಸಿ ಆಯ್ತು!"

ಕತೆ ಇಲ್ಲಿಗೆ ಮುಗಿಯಿತು, ನೀವೆಲ್ಲ ಎದ್ದು ಮನೆಗೆ ಹೋಗಿ. ಚಿಕ್ಕತಾಯಮ್ಮ ಮಾತ್ರ ಇನ್ನೂ ಇಳಿದಿಲ್ಲ.