ಸೇರದ ಹಿಮ್ಮಡಿ

ಮರಿದೇವನೆಂಬ ಶಿಷ್ಯ ಕೇಳಿದ: "ಗುರುಗಳೇ, ನನಗಿಂತ ಆಮೇಲೆ ಮಠಕ್ಕೆ ಬಂದ ಸೋಮಲಿಂಗನಿಗೆ ಪಾಠ ಹೇಳುವ ಕೆಲಸ ಕೊಟ್ಟಿರಿ. ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಅವನಿಗೆ ಕೆಡುಕು ಮಾಡಿಲ್ಲ, ಒಂದು ಮಾತೂ ಆಡಿಲ್ಲ. ಒಳಗೇ ಇರುವ ಮತ್ಸರದಿಂದ ಯಾರಿಗೇನು ನಷ್ಟ?"

ಉರಿಯುವುದು ನಿನ್ನ ಹೊಟ್ಟೆ ತಾನೇ, ಊರಿನದಲ್ಲವಲ್ಲ ಎಂದು ಗುರುಗಳು ನಕ್ಕರು. ಆಮೇಲೆ ಹೇಳತೊಡಗಿದರು.

ಒಂದು ದೇಶವನ್ನು ಪರದೇಶದ ಸೈನ್ಯ ಹಿಡಿಯಿತು. ಅಲ್ಲಿನ ಸೈನಿಕ ಶಾಲೆಗೆ ಬೀಗ ಬಿತ್ತು. ಮೀಸೆ ಚಿಗುರದ ವಿದ್ಯಾರ್ಥಿಗಳು ಬಂದೂಕು ಹೊತ್ತು ಬೆಟ್ಟ ಸೇರಿದರು. ಹಗಲು ಕೂಲಿಗಳ ವೇಷದಲ್ಲಿ ಹೊಲದಲ್ಲಿ ದುಡಿದರು, ಕತ್ತಲಾದ ಮೇಲೆ ಶತ್ರುವಿನ ಸೇತುವೆ ಮುರಿದರು. ಶಾಲೆಯಲ್ಲಿ ಎಲ್ಲದರಲ್ಲೂ ಮೊದಲಿಗನಾಗಿದ್ದವನೊಬ್ಬ ಅವರಲ್ಲಿದ್ದ. ಅವನನ್ನು ಬಿಟ್ಟು, ಸದಾ ಎರಡನೆಯವನಾಗಿದ್ದವನನ್ನು ಅವರು ನಾಯಕನೆಂದು ಆರಿಸಿಕೊಂಡರು. ಅಂದಿನಿಂದ ಮೊದಲಿಗನಿಗೆ ಉಂಡದ್ದು ಮೈಗೆ ಹತ್ತಲಿಲ್ಲ.

ನಾಯಕನಿಗೆ ಒಂದೇ ಭಯ. ಶಾಲೆಯ ಕವಾಯತು ಕಾಲಿಗೆ ಅಂಟಿತ್ತು. "ಸಾವಧಾನ್" ಎಂದರೆ ಸಾಕು, ಹಿಮ್ಮಡಿಗಳು ತಾವಾಗಿಯೇ ಸೇರಿಬಿಡುತ್ತಿದ್ದವು. ಕೂಲಿಯವನ ಹಿಮ್ಮಡಿ ಹಾಗೆ ಸೇರುತ್ತದೆಯೇ? ಅದಕ್ಕೇ ಗಂಜಿಗೆ ನಿಂತಾಗ ಯಾರಾದರೊಬ್ಬರು ಇದ್ದಕ್ಕಿದ್ದಂತೆ "ಸಾವಧಾನ್" ಎಂದು ಕೂಗಬೇಕು, ಹಿಮ್ಮಡಿ ಸೇರಿಸಿದವನು ಉಪವಾಸ ಎಂದು ಅವನು ಕಟ್ಟಳೆ ಮಾಡಿದ. ಮೊದಲಿಗ ಎಂದೂ ತಪ್ಪಲಿಲ್ಲ. ಒಮ್ಮೆ ನಾಯಕನೇ ತಪ್ಪಿ ಉಪವಾಸ ಬಿದ್ದ. ಆ ದಿನ ಮೊದಲಿಗನಿಗೆ ಗಂಜಿಯೇ ಪಾಯಸವಾಯಿತು, ನೋಡು.

ಸೇತುವೆ ಮುರಿದವರು ಈ ಕೂಲಿಗಳೇ ಎಂಬ ಅನುಮಾನ ಶತ್ರುವಿಗೆ ಬಂತು. ಅವರ ಅಧಿಕಾರಿ ಹೊಲಕ್ಕೆ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ನಾಯಕ ಯಾರೆಂದು ಕೇಳಿದ. ಯಾರೂ ಬಾಯಿ ಬಿಡಲಿಲ್ಲ. ಆಗ ಅವನು ಆ ಹುಡುಗರದೇ ಭಾಷೆಯಲ್ಲಿ "ಸಾವಧಾನ್" ಎಂದು ಗುಡುಗಿದ.

ಒಬ್ಬನ ಹಿಮ್ಮಡಿಯೂ ಸೇರಲಿಲ್ಲ. ಮೊದಲಿಗನದೂ ಸೇರಲಿಲ್ಲ. ಎಲ್ಲರೂ ಅಧಿಕಾರಿಯ ಮುಖವನ್ನೇ ನೋಡುತ್ತಿದ್ದರು. ಮೊದಲಿಗ ಮಾತ್ರ ಒಂದು ಸಲ ನಾಯಕನ ಕಾಲಿನತ್ತ ಕಣ್ಣು ಹಾಯಿಸಿದ, ಇವತ್ತೂ ತಪ್ಪಿದನೇನೋ ಎಂದು.

ಅಧಿಕಾರಿ ಆ ನೋಟದ ಜಾಡು ಹಿಡಿದು ಹೋಗಿ ನಾಯಕನ ಹೆಗಲ ಮೇಲೆ ಕೈಯಿಟ್ಟ. ಅದೇ ಹೊಲದ ಬದುವಿನ ಮೇಲೆ ಅವನನ್ನು ನಿಲ್ಲಿಸಿ ಗುಂಡು ಹೊಡೆದರು. ನಾನು ಒಂದು ಮಾತೂ ಆಡಲಿಲ್ಲ ಎಂದು ಮೊದಲಿಗ ಸಾಯುವವರೆಗೂ ಹೇಳುತ್ತಿದ್ದ. ಅದು ನಿಜವೂ ಆಗಿತ್ತು.

"ಪಾಪ, ಅವನೇನು ಬೇಕೆಂದು ನೋಡಿದನೇ?" ಎಂದ ಮರಿದೇವ. ಆಚೆ ಜಗಲಿಯಲ್ಲಿ ಸೋಮಲಿಂಗ ಮಕ್ಕಳಿಗೆ ಪಾಠ ಹೇಳುತ್ತಿದ್ದ.

"ನಾನು ಕೂತಿರುವುದು ಇತ್ತ, ಮರಿದೇವ" ಎಂದರು ಗುರುಗಳು.