ಹೆಸರಿಟ್ಟ ಗಾಣಿಗ

ಮುರಿಗೆಪ್ಪನೆಂಬ ಶಿಷ್ಯ ಒಂದು ದಿನ ಕೇಳಿದ: "ಹೊಸದಾಗಿ ಬಂದವನನ್ನು ಎಲ್ಲರೂ ಹೊಗಳಿದರೆ ನನಗೆ ಹೊಟ್ಟೆ ಉರಿಯುತ್ತದೆ, ಗುರುಗಳೇ. ಅವನಿಗೊಂದು ಅಡ್ಡಹೆಸರಿಟ್ಟು ನಾಲ್ಕು ಜನರನ್ನು ನಗಿಸಿದರೆ ಉರಿ ತಣಿಯುತ್ತದೆ. ಇದರಿಂದ ಯಾರಿಗೇನು ನಷ್ಟ?"

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಕೆಲವು ಗೆಳೆಯರು ಸಂಜೆ ಹೊತ್ತು ಮಣೆಯ ಸುತ್ತ ಕುಳಿತು ಕತೆಯಾಟ ಆಡುತ್ತಿದ್ದರು. ಒಬ್ಬ ನೇಕಾರ ಕತೆ ನಡೆಸುವನು. ಉಳಿದವರು ಒಂದೊಂದು ಪಾತ್ರ ವಹಿಸಿ, ತಾವೇನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸುವರು. ಪಾತ್ರ ಸತ್ತರೆ ಆಡುವವನು ಮಣೆ ಬಿಟ್ಟೇಳಬೇಕು, ಆ ಪಾತ್ರ ಮತ್ತೆ ಸಿಗದು. ಇನ್ನೊಂದು ಕಟ್ಟಳೆ: ವೈರಿಯ ಕೈಗೆ ಸಿಕ್ಕವನು ತಾನಾಗಿ ನೆರವು ಕೇಳುವಂತಿಲ್ಲ, ಅವನನ್ನು ಬಿಡಿಸಲು ಉಳಿದವರೇ ಮುಂದಾಗಬೇಕು.

ಅವರಲ್ಲಿ ಒಬ್ಬ ಗಾಣಿಗ. ಅವನ ಪಾತ್ರ ದಳವಾಯಿ. ಹಗಲೆಲ್ಲ ಎತ್ತಿನ ಹಿಂದೆ ಸುತ್ತುವವನಿಗೆ ಸಂಜೆ ದಳವಾಯಿಯಾಗುವುದೆಂದರೆ ಪ್ರಾಣ. ಹೀಗಿರಲು ಒಬ್ಬ ಬಳೆಗಾರ ಬಂದು ಸೇರಿದ. ಅವನು ಭಿಕ್ಷುಕನಾಗಿ ಕೋಟೆಯ ಕಾವಲುಗಾರನ ಮುಂದೆ ಅಂಗಲಾಚಿದರೆ ಕೇಳುವವರ ಕಣ್ಣಲ್ಲೂ ನೀರು. ನೇಕಾರ ಭಲೆ ಅಂದುಬಿಟ್ಟ. ಅಷ್ಟು ವರ್ಷ ಆಡಿದರೂ ಗಾಣಿಗನಿಗೆ ಒಂದು ಭಲೆ ಸಿಕ್ಕಿರಲಿಲ್ಲ. ಅಂದು ಅವನಿಗೆ ಅನ್ನ ಸೇರಲಿಲ್ಲ.

ಮರುದಿನ ಅವನು ಬಳೆಗಾರನನ್ನು ಮಾತಿನಮಲ್ಲಿ ಎಂದು ಕರೆದ. ಎಲ್ಲರೂ ನಕ್ಕರು. ಗಾಣಿಗನಿಗೆ ಆ ನಗುವಿನ ರುಚಿ ಹತ್ತಿತು. ಏನೇ ಬರಲಿ ಮೊದಲು ಕತ್ತಿ ಹಿರಿಯುವ ಕಮ್ಮಾರ ಹಾಯುವ ಕೋಣನಾದ. ಯಾವಾಗ ದಾಳ ಹಾಕಿದರೆ ಲಾಭವೆಂದು ಬೆರಳು ಮಡಚುವ ಧಾನ್ಯದ ವ್ಯಾಪಾರಿ ಲೆಕ್ಕದ ಹುಳುವಾದ. ಬಳೆಗಾರ ಬಾಯಿ ತೆರೆದರೆ ಸಾಕು, ಮಲ್ಲಿ ಬಂದಳು ಎಂದು ಬೇರೆಯವರೇ ಅನ್ನತೊಡಗಿದರು. ಹೊಟ್ಟೆಕಿಚ್ಚು ಹಾಗೆಯೇ, ಮೊದಮೊದಲು ಚಳಿ ಕಾಯಿಸಿಕೊಂಡಷ್ಟು ಹಿತ. ಆಡುವವರು ಮಾತ್ರ ಯಾರು ಏನಂದಾರೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಆಡುವಂತಾಯಿತು.

ಒಂದು ಸಂಜೆ ಕತೆಯಲ್ಲಿ ದಳವಾಯಿ ಕಳ್ಳರ ಕೈಗೆ ಸಿಕ್ಕಿಬಿದ್ದ. ಯಾರು ಬಿಡಿಸುತ್ತೀರಿ ಎಂದು ನೇಕಾರ ಕೇಳಿದ. ಕಮ್ಮಾರ ಕತ್ತಿ ಹಿರಿಯಲು ಹೊರಟವನು, ಕೋಣ ಅಂದಾರು ಎಂದು ಸುಮ್ಮನಾದ. ವ್ಯಾಪಾರಿ ಬೆರಳು ಮಡಚಲಿಲ್ಲ. ಗಾಣಿಗ ಬಳೆಗಾರನತ್ತ ನೋಡಿದ. ಆ ನೋಟದಲ್ಲಿ ಅವನ ಕಾಲಿಗೆ ಬೀಳುವುದೊಂದು ಬಾಕಿ. ಈ ಬಾಯಿಯೊಂದು ತೆರೆದರೆ ಕಳ್ಳರೂ ಕರಗುತ್ತಾರೆಂದು ಅವನಿಗೆ ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು. ಬಳೆಗಾರ ತಲೆ ತಗ್ಗಿಸಿ ಕುಳಿತ. ನೇಕಾರ ಆದಷ್ಟು ಹೊತ್ತು ಕಾದ. ದಳವಾಯಿ ಸತ್ತ. ಗಾಣಿಗ ಮಣೆ ಬಿಟ್ಟೆದ್ದು ಮನೆಗೆ ಹೋದ.

ಮುರಿಗೆಪ್ಪನಿಗೆ ಗಾಣಿಗನ ಮೇಲೆ ಕನಿಕರ ಬಂತು. "ಆದರೂ ಗುರುಗಳೇ, ಅವನಿಟ್ಟ ಹೆಸರುಗಳಲ್ಲಿ ಸುಳ್ಳೊಂದೂ ಇರಲಿಲ್ಲವಲ್ಲ" ಎಂದ.

"ಇರಲಿಲ್ಲ" ಎಂದರು ಗುರುಗಳು. "ಅವು ಸುಳ್ಳಾದ ಸಂಜೆಯೇ ದಳವಾಯಿ ಸತ್ತದ್ದು."